ಲೋಟದೊಳಗಿನ ಮೆಣಸು, ಮೆಂತ್ಯ, ಮಲ್ಲಿಗೆ

ವೈನ್ ಸವಿದು ನೋಡುವುದನ್ನೇ ವೃತ್ತಿಯಾಗಿಸಿಕೊಂಡವರ ಟಿಪ್ಪಣಿಗಳನ್ನು ಮೊದಲ ಸಲ ಓದುವವರಲ್ಲಿ ಬೆರಗಿಗಿಂತ ಅನುಮಾನವೇ ಹೆಚ್ಚಾಗಿ ಹುಟ್ಟುತ್ತದೆ. ದ್ರಾಕ್ಷಿಯ ಹೊರತು ಬೇರಾವ ಹಣ್ಣನ್ನೂ, ಯಾವ ಮಸಾಲೆಯನ್ನೂ ಸೇರಿಸದೆ ತಯಾರಿಸಿದ ಪಾನೀಯದಲ್ಲಿ ಸೀಬೆಹಣ್ಣು, ದೊಣ್ಣೆ ಮೆಣಸಿನಕಾಯಿ, ಕಾಳುಮೆಣಸು, ಸೀಮೆಎಣ್ಣೆ, ಬೆಣ್ಣೆ, ಮೆಂತ್ಯಗಳೆಲ್ಲ ಇವೆಯೆಂದು ಹೇಳಿದರೆ ಅದು ಬರೆದವರ ಕಲ್ಪನೆಯೆಂದು ಓದುಗರು ಭಾವಿಸುವುದು ಸಹಜ. ಆದರೆ ಕಳೆದ ನಾಲ್ಕೈದು ದಶಕಗಳಲ್ಲಿ ನಡೆದ ರಾಸಾಯನಿಕ ಸಂಶೋಧನೆಗಳು ಈ ಮಾತುಗಳಲ್ಲಿ ಅನೇಕವು ಅಕ್ಷರಶಃ ಸತ್ಯವೆಂದು ತೋರಿಸಿವೆ. ಕಾಳುಮೆಣಸಿಗೆ ಅದರ ಪರಿಮಳವನ್ನು ಕೊಡುವ ಅಣುವೇ ಕೆಲವು ವೈನ್‌ಗಳಲ್ಲಿಯೂ ಇದೆ, ಮೆಂತ್ಯಕ್ಕೆ ಅದರ ವಾಸನೆಯನ್ನು ಕೊಡುವ ಅಣುವೇ ಇನ್ನು ಕೆಲವುದರಲ್ಲಿದೆ. ಅದೇ ಕಾಲದಲ್ಲಿ ನಡೆದ ಮನೋವಿಜ್ಞಾನದ ಪ್ರಯೋಗಗಳು ಮನುಷ್ಯರ ರುಚಿಯ ಅನಿಸಿಕೆ ಬಣ್ಣಕ್ಕೆ, ಬೆಲೆಗೆ, ಹೆಸರಿಗೆ ಎಷ್ಟು ಸುಲಭವಾಗಿ ಮಣಿಯುತ್ತದೆ ಎಂಬುದನ್ನೂ ಬಯಲು ಮಾಡಿವೆ. ವೈನಿನ ಕುರಿತ ಪ್ರತಿಯೊಂದು ಅನಿಸಿಕೆಯೂ ಈ ಎರಡು ಸತ್ಯಗಳ ನಡುವೆ ನಿಂತಿರುತ್ತದೆ. ಆದ್ದರಿಂದ ಒಂದೊಂದು ಅನಿಸಿಕೆಗೂ ಕಾರಣವನ್ನು ಹುಡುಕುತ್ತ ಹೋಗುವುದೇ ಸವಿಯುವ ಕಲೆಯ ಸಾರವೆನ್ನಬಹುದು. ಪರಸ್ಪರ ಬಹಳ ಭಿನ್ನವಾದ ಕೆಲವು ವೈನ್‌ಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ನಾಲಿಗೆಗಿಂತ ಮೂಗಿನ ಪಾಲೇ ಹೆಚ್ಚು

ನಾಲಿಗೆ ಗುರುತಿಸಬಲ್ಲ ಮೂಲರುಚಿಗಳು ಕೆಲವೇ ಕೆಲವು. ಸಿಹಿ, ಹುಳಿ, ಉಪ್ಪು, ಕಹಿ ಹಾಗೂ ಬೇಯಿಸಿದ ಅಣಬೆ, ಟೊಮೇಟೊಗಳಲ್ಲಿ ಸಿಗುವ ಉಮಾಮಿ ಎಂಬ ಐದನ್ನು ಇಂದಿನ ವಿಜ್ಞಾನ ಒಪ್ಪುತ್ತದೆ. ಇದಕ್ಕೆ ಹೋಲಿಸಿದರೆ ಮೂಗಿನ ಸಾಮರ್ಥ್ಯ ಅಪಾರವಾದದ್ದು. ವಾಸನೆಯ ಅಣುಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳ ಬಹುದೊಡ್ಡ ವಂಶವಾಹಿ ಕುಟುಂಬವನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮನುಷ್ಯನಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳ ಬಗೆಗಳು ಸುಮಾರು 400. ವೈನನ್ನು ಬಾಯಲ್ಲಿ ಹಿಡಿದಾಗ ಅದು ಬೆಚ್ಚಗಾಗಿ, ಅದರಿಂದ ಹೊರಟ ಆವಿಯು ಗಂಟಲಿನ ಹಿಂಬದಿಯಿಂದ ಮೇಲೇರಿ ಮೂಗನ್ನು ತಲುಪುತ್ತದೆ. ಹೀಗೆ ಒಳಗಿನಿಂದ ಬಂದ ವಾಸನೆಯನ್ನು ಮಿದುಳು ನಾಲಿಗೆಯ ಅನುಭವದೊಡನೆ ಬೆಸೆದುಬಿಡುವುದರಿಂದ ಅದು ರುಚಿಯೆಂದೇ ಅನ್ನಿಸುತ್ತದೆ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದಕ್ಕೆ ಇದೇ ಕಾರಣ.

ರುಚಿ ಮತ್ತು ವಾಸನೆಗಳ ಜೊತೆಗೆ ಸ್ಪರ್ಶವೂ ಇಲ್ಲಿ ಮುಖ್ಯವಾದದ್ದು. ಕೆಂಪು ವೈನ್ ಕುಡಿದಾಗ ಒಸಡು, ಕೆನ್ನೆಯ ಒಳಭಾಗಗಳು ಒಣಗಿದಂತಾಗುವುದಕ್ಕೆ ಟ್ಯಾನಿನ್ ಎಂಬ ಪದಾರ್ಥಗಳು ಕಾರಣ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಬರುವ ಇವು ಜೊಲ್ಲಿನಲ್ಲಿರುವ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅದರ ಜಾರುವ ಗುಣವನ್ನು ಕಳೆಯುತ್ತವೆ. ಎಳೆ ಬಾಳೆಕಾಯಿ, ನೇರಳೆ, ಅಡಿಕೆಗಳನ್ನು ಬಲ್ಲ ಕನ್ನಡಿಗರಿಗೆ ಈ ಒಗರು ತೀರ ಪರಿಚಿತವಾದದ್ದು. ಭಾರತೀಯ ಪರಂಪರೆ ಇದನ್ನು ಕಷಾಯವೆಂಬ ಹೆಸರಿನಿಂದ ಆರು ರಸಗಳಲ್ಲೇ ಸೇರಿಸಿಕೊಂಡಿದೆ.

ಸವಿಪರೀಕ್ಷೆಯ ಕ್ರಮ ಸರಳವಾದದ್ದು. ಕೆಳಗೆ ಅಗಲವಾಗಿ ಮೇಲೆ ಬಾಯಿ ಕಿರಿದಾಗಿರುವ ಗಾಜಿನ ಲೋಟವನ್ನು ಇದಕ್ಕಾಗಿಯೇ 1970ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ನಿಗದಿಪಡಿಸಿತು. ಸುಮಾರು 215 ಮಿಲಿಲೀಟರ್ ಹಿಡಿಸುವ ಅದರಲ್ಲಿ 50 ಮಿಲಿಲೀಟರ್ ಮಾತ್ರ ಸುರಿಯುತ್ತಾರೆ. ಉಳಿದ ಜಾಗ ಪರಿಮಳ ತುಂಬಿಕೊಳ್ಳಲು ಬೇಕು. ಮೊದಲು ಬಣ್ಣವನ್ನು ನೋಡಿ, ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸಿ, ಆಮೇಲೆ ಒಂದು ಗುಟುಕನ್ನು ಬಾಯಲ್ಲಿ ಆಡಿಸಿ, ಹುಳಿ, ಸಿಹಿ, ಒಗರು, ಮದ್ಯಸಾರದ ಬಿಸುಪು ಮತ್ತು ಉಗುಳಿದ ಅಥವಾ ನುಂಗಿದ ಮೇಲೂ ಉಳಿಯುವ ರುಚಿಯ ಅವಧಿ ಇವುಗಳನ್ನು ಗಮನಿಸುತ್ತಾರೆ. ವೃತ್ತಿಪರರು ಒಂದೇ ದಿನ ಹತ್ತಾರು ವೈನ್‌ಗಳನ್ನು ಪರೀಕ್ಷಿಸಬೇಕಾದ್ದರಿಂದ ಪ್ರತಿ ಗುಟುಕನ್ನೂ ಉಗುಳುವುದೇ ಅಲ್ಲಿಯ ರೂಢಿ.

ಮಾರ್ಲ್‌ಬರೋದ ಹಸಿರು ಪರಿಮಳ

ಹೊಸಬರಿಗೂ ಥಟ್ಟನೆ ಗುರುತಿಗೆ ಸಿಗುವ ವೈನ್ ಎಂದರೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿರುವ ಮಾರ್ಲ್‌ಬರೋ ಪ್ರದೇಶದ ಸೋವಿನ್ಯೋನ್ ಬ್ಲಾಂಕ್. ಫ್ರಾನ್ಸಿನ ಈ ಬಿಳಿ ದ್ರಾಕ್ಷಿ ತಳಿ ಹೆಸರಾದದ್ದು ಮೊದಲು ಲುವಾರ್ ನದಿಯ ಕಣಿವೆ ಮತ್ತು ಬೋರ್ಡೋಗಳಲ್ಲಿ. ಮಾರ್ಲ್‌ಬರೋದಲ್ಲಿ ದೊಡ್ಡ ಪ್ರಮಾಣದ ದ್ರಾಕ್ಷಿ ಕೃಷಿ ಆರಂಭವಾದದ್ದೇ 1973ರಲ್ಲಿ. ಆದರೂ ಒಂದೆರಡು ದಶಕಗಳಲ್ಲೇ ಆ ಸೀಮೆಯ ವೈನ್ ಲೋಕವಿಖ್ಯಾತವಾಯಿತು. ತೆಳುಹಳದಿ ಬಣ್ಣದ ಈ ವೈನನ್ನು ಮೂಸಿದೊಡನೆ ಎರಡು ಬಗೆಯ ಪರಿಮಳಗಳು ಎದ್ದು ಬರುತ್ತವೆ. ಆಗತಾನೇ ಕತ್ತರಿಸಿದ ದೊಣ್ಣೆ ಮೆಣಸಿನಕಾಯಿಯ ಹಸಿರು ವಾಸನೆ ಒಂದಾದರೆ, ಕಳಿತ ಸೀಬೆ ಮತ್ತು ಪ್ಯಾಶನ್ ಹಣ್ಣುಗಳ ಕಟುವಾದ ಘಮ ಇನ್ನೊಂದು. ಬಾಯಿಗೆ ಬಿದ್ದಾಗ ನಿಂಬೆಯನ್ನು ನೆನಪಿಸುವ ಚುರುಕಾದ ಹುಳಿ ನಾಲಿಗೆಯ ಅಂಚುಗಳಲ್ಲಿ ನೀರೂರಿಸುತ್ತದೆ.

ಮೊದಲನೆಯ ಪರಿಮಳಕ್ಕೆ ಮೆಥಾಕ್ಸಿಪೈರಜೀನ್ ಎಂಬ ವರ್ಗದ ಅಣುಗಳು ಕಾರಣವಾಗಿದ್ದು, ದೊಣ್ಣೆ ಮೆಣಸಿನಕಾಯಿಯ ವಾಸನೆಯೂ ಇವುಗಳದ್ದೇ. ಇಂಥ ಪದಾರ್ಥದ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಎರಡು ಪಾಲನ್ನು ಒಂದು ಲೀಟರ್ ನೀರಿಗೆ ಬೆರೆಸಿದರೂ ಮನುಷ್ಯನ ಮೂಗು ಅದನ್ನು ಗ್ರಹಿಸಬಲ್ಲದು. ಕಾಯಿ ಹಣ್ಣಾಗುತ್ತ ಬಿಸಿಲು, ಶಾಖಗಳಿಗೆ ಒಡ್ಡಿಕೊಂಡಂತೆ ಈ ಅಣುಗಳು ಕಡಿಮೆಯಾಗುವುದರಿಂದ ತಂಪು ಹವೆಯ ತೋಟಗಳಲ್ಲಿ ಹಸಿರು ವಾಸನೆ ಉಳಿದುಕೊಳ್ಳುತ್ತದೆ. ಎರಡನೆಯದರ ಕತೆ ಇನ್ನೂ ಸ್ವಾರಸ್ಯಕರವಾದದ್ದು. ಗಂಧಕವನ್ನು ಒಳಗೊಂಡ ಥಯೋಲ್ ಎಂಬ ಈ ಅಣುಗಳಲ್ಲಿ ಮುಖ್ಯವಾದ ಒಂದು ಸೀಬೆ ಮತ್ತು ಪ್ಯಾಶನ್ ಹಣ್ಣುಗಳಲ್ಲಿಯೂ ಇದೆ. ಆದರೆ ದ್ರಾಕ್ಷಿರಸದಲ್ಲಿ ಇವು ಬೇರೆ ಅಣುಗಳೊಡನೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಇರುವುದರಿಂದ ವಾಸನೆ ಬೀರುವುದಿಲ್ಲ. ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವ ಯೀಸ್ಟ್ ಜೀವಾಣುಗಳೇ ಆ ಕಟ್ಟನ್ನು ಬಿಡಿಸುತ್ತವೆ. 1990ರ ದಶಕದಲ್ಲಿ ಬೋರ್ಡೋದ ತಕಾತೋಶಿ ತೊಮಿನಾಗ ಮತ್ತು ದೆನಿ ದ್ಯೂಬೂರ್ದಿಯೋ ಅವರ ಸಂಶೋಧನೆಗಳು ಇದನ್ನು ತಿಳಿಸಿಕೊಟ್ಟವು. ಹಣ್ಣಿನಲ್ಲಿ ಕಾಣದ ಪರಿಮಳ ವೈನಿನಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ಮೋಸೆಲ್‌ನ ರೀಸ್ಲಿಂಗ್ ಮತ್ತು ಸೀಮೆಎಣ್ಣೆ

ಜರ್ಮನಿಯ ಮೋಸೆಲ್ ನದಿ ಅಂಕುಡೊಂಕಾಗಿ ಹರಿಯುವ ಕಣಿವೆಯಲ್ಲಿ ರೀಸ್ಲಿಂಗ್ ಎಂಬ ಬಿಳಿ ತಳಿಯನ್ನು ಕಡಿದಾದ ಇಳಿಜಾರುಗಳಲ್ಲಿ ಬೆಳೆಯುತ್ತಾರೆ. 1435ರ ದಾಖಲೆಯೊಂದರಲ್ಲಿಯೇ ಹೆಸರು ಕಾಣಿಸಿಕೊಳ್ಳುವ ಈ ತಳಿಯ ತೋಟಗಳಲ್ಲಿ ಬ್ರೆಮ್ ಊರಿನ ಕಾಲ್ಮಾಂಟ್ ಎಂಬುದು ಯೂರೋಪಿನ ಅತ್ಯಂತ ಕಡಿದಾದವುಗಳಲ್ಲಿ ಒಂದಾಗಿದ್ದು, ಅಲ್ಲಿ ಕೆಲವೆಡೆ ಇಳಿಜಾರು ಸುಮಾರು 65 ಡಿಗ್ರಿಯಷ್ಟಿದೆ. ಅಂಥ ನೆಲದಲ್ಲಿ ಸವರುವುದರಿಂದ ಹಿಡಿದು ಕೊಯ್ಲಿನವರೆಗೆ ಬಹುಪಾಲು ಕೆಲಸ ಕೈಯಿಂದಲೇ ಆಗಬೇಕು. ದ್ರಾಕ್ಷಿ ಕೃಷಿಯ ಉತ್ತರದ ಗಡಿಗೆ ಹತ್ತಿರವಿರುವ ಈ ಸೀಮೆಯಲ್ಲಿ ದಕ್ಷಿಣಾಭಿಮುಖವಾದ ಇಳಿಜಾರಿನ ಬಿಸಿಲು, ಹಗಲಿನ ಕಾವನ್ನು ಹಿಡಿದಿಟ್ಟುಕೊಳ್ಳುವ ಕಪ್ಪು ಸ್ಲೇಟ್ ಕಲ್ಲು ಮತ್ತು ನದಿಯ ಸಾಮೀಪ್ಯಗಳೆಲ್ಲ ಸೇರಿದರೆ ಮಾತ್ರ ಹಣ್ಣು ಮಾಗುತ್ತದೆ.

ಇಲ್ಲಿಯ ಕಬಿನೆಟ್ ವರ್ಗದ ಸಿಹಿ ವೈನ್‌ಗಳಲ್ಲಿ ಮದ್ಯಸಾರದ ಪ್ರಮಾಣ ಬಹುಮಟ್ಟಿಗೆ ಶೇ 8ರಿಂದ 9ರಷ್ಟೇ ಇರುತ್ತದೆ. ದ್ರಾಕ್ಷಿಯ ಸಕ್ಕರೆಯೆಲ್ಲ ಮದ್ಯಸಾರವಾಗುವ ಮೊದಲೇ ಹುದುಗುವಿಕೆಯನ್ನು ನಿಲ್ಲಿಸುವುದರಿಂದ ಒಂದಿಷ್ಟು ಸಿಹಿ ಉಳಿಯುತ್ತದೆ. ಆದರೂ ಬಾಯಲ್ಲಿ ಅದು ಪಾನಕದಂತೆ ಅಂಟಂಟಾಗಿ ನಿಲ್ಲದೆ, ಅಷ್ಟೇ ಬಲವಾದ ಹುಳಿಯೊಡನೆ ಸರಿತೂಗಿ, ಹಸಿರು ಸೇಬು ಮತ್ತು ನಿಂಬೆಯ ಹೂವಿನ ಘಮದೊಂದಿಗೆ ಹಗುರವಾಗಿ ಇಳಿದುಹೋಗುತ್ತದೆ. ಸಿಹಿ ಹುಳಿಗಳ ಈ ಸಮತೋಲವೇ ರೀಸ್ಲಿಂಗ್‌ನ ಹಿರಿಮೆ. ಬಾಟಲಿಯಲ್ಲಿ ಹತ್ತಾರು ವರ್ಷ ಉಳಿದ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆಯ ಎಳೆಯೊಂದು ಕಾಣಿಸಿಕೊಳ್ಳುತ್ತದೆ. ಹಣ್ಣಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಒಡೆದು ಉಂಟಾದ ಪದಾರ್ಥಗಳು ಕಾಲಕ್ರಮದಲ್ಲಿ ಟಿಡಿಎನ್ ಎಂದು ಕರೆಯಲಾಗುವ ಅಣುವಾಗಿ ಮಾರ್ಪಡುವುದೇ ಇದಕ್ಕೆ ಕಾರಣ. ಗೊಂಚಲಿಗೆ ಬಿಸಿಲು ಹೆಚ್ಚು ಬಿದ್ದಷ್ಟೂ ಈ ಅಣುವಿನ ಪ್ರಮಾಣ ಹೆಚ್ಚುತ್ತದೆ. ಕೆಲವರಿಗೆ ಇದು ಪ್ರೌಢತೆಯ ಗುರುತು, ಇನ್ನು ಕೆಲವರಿಗೆ ದೋಷ. ಅಣುವಿನ ಇರುವಿಕೆಯನ್ನು ಉಪಕರಣ ಹೇಳಬಲ್ಲದಾದರೂ ಅದು ಹಿತವೋ ಅಹಿತವೋ ಎಂಬುದನ್ನು ನಿರ್ಧರಿಸುವವರು ಸವಿಯುವವರೇ.

ಸ್ಲೇಟ್ ಕಲ್ಲಿನ ರುಚಿಯೇ ವೈನಿಗೆ ಇಳಿದು ಬರುತ್ತದೆ ಎಂಬ ಜನಪ್ರಿಯ ನಂಬಿಕೆಯನ್ನು ಮಾತ್ರ ಭೂವಿಜ್ಞಾನಿಗಳು ಒಪ್ಪುವುದಿಲ್ಲ. ಕಲ್ಲಿಗೆ ತನ್ನದೇ ಆದ ವಾಸನೆಯಾಗಲಿ ರುಚಿಯಾಗಲಿ ಇಲ್ಲವೆಂದೇ ಹೇಳಬೇಕು. ಬೇರುಗಳು ಹೀರುವ ಲವಣಗಳ ಪ್ರಮಾಣ ನಾಲಿಗೆಗೆ ತಿಳಿಯುವಷ್ಟಿರುವುದಿಲ್ಲ. ಮಣ್ಣಿನ ಪ್ರಭಾವ ನಿಜವಾದರೂ ಅದು ನೀರು ಬಸಿದುಹೋಗುವ ರೀತಿ, ಕಾವು, ಬೇರಿನ ಆಳ ಇವುಗಳ ಮೂಲಕ ಸುತ್ತುಬಳಸಿ ಬರುತ್ತದೆ.

ತೆಳು ಸಿಪ್ಪೆಯ ಪೀನೋ ನ್ವಾರ್

ಬಿಳಿ ವೈನ್‌ನಿಂದ ಕೆಂಪಿಗೆ ಬಂದಾಗ ಸಿಪ್ಪೆಯ ಪಾತ್ರ ಮುಖ್ಯವಾಗುತ್ತದೆ, ಏಕೆಂದರೆ ಕಪ್ಪು ದ್ರಾಕ್ಷಿಗಳಲ್ಲಿಯೂ ಬಹುತೇಕ ತಳಿಗಳ ರಸಕ್ಕೆ ಬಣ್ಣವಿರುವುದಿಲ್ಲ. ಸಿಪ್ಪೆಯೊಡನೆ ನೆನೆದು ಹುದುಗುವಾಗಲೇ ಬಣ್ಣವೂ ಟ್ಯಾನಿನ್ನೂ ರಸಕ್ಕಿಳಿಯುತ್ತವೆ. ಫ್ರಾನ್ಸಿನ ಬರ್ಗಂಡಿಯ ಪೀನೋ ನ್ವಾರ್ ತೆಳುಸಿಪ್ಪೆಯ ತಳಿಯಾದ್ದರಿಂದ ಅದರ ವೈನ್ ಲೋಟದ ಆಚೆಗಿನ ಅಕ್ಷರ ಓದುವಷ್ಟು ತಿಳಿಯಾಗಿರುತ್ತದೆ, ಒಗರೂ ಮೃದುವಾಗಿರುತ್ತದೆ. ಎಳೆಯದರಲ್ಲಿ ಕೆಂಪು ಚೆರ್ರಿ ಹಣ್ಣಿನ, ಹಳೆಯದರಲ್ಲಿ ಒದ್ದೆ ತರಗೆಲೆ ಮತ್ತು ಅಣಬೆಯ ಪರಿಮಳ ಕಾಣುತ್ತದೆ. ಬರ್ಗಂಡಿಯ ಡ್ಯೂಕ್ ಫಿಲಿಪ್ 1395ರಲ್ಲಿಯೇ ಹೆಚ್ಚು ಇಳುವರಿಯ ಗಾಮೇ ತಳಿಯನ್ನು ತನ್ನ ನಾಡಿನಿಂದ ಹೊರಹಾಕಲು ಆಜ್ಞೆ ಹೊರಡಿಸಿ ಪೀನೋಗೆ ದಾರಿ ಮಾಡಿದ್ದ. ಅಲ್ಲಿಯ ಸನ್ಯಾಸಿಗಳು ಶತಮಾನಗಳ ಕಾಲ ತೋಟದ ತುಂಡು ತುಂಡುಗಳನ್ನು ಪ್ರತ್ಯೇಕವಾಗಿ ಗಮನಿಸಿ ಗಡಿ ಗುರುತಿಸಿದ ಕ್ಲಿಮಾ ಎಂಬ ವಿಭಾಗಗಳಿಗೆ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು.

ಸಿರಾ ವೈನ್‌ನಲ್ಲಿ ಕಾಳುಮೆಣಸು

ಫ್ರಾನ್ಸಿನ ರೋನ್ ನದಿಯ ಉತ್ತರ ಕಣಿವೆಯಲ್ಲಿ ಬೆಳೆಯುವ, ಆಸ್ಟ್ರೇಲಿಯಾದಲ್ಲಿ ಶಿರಾಜ್ ಎಂದು ಹೆಸರಾದ ಸಿರಾ ತಳಿಯ ವೈನ್ ಪೀನೋಗೆ ತದ್ವಿರುದ್ಧವಾದದ್ದು. ನೇರಳೆ ಹಣ್ಣಿನ ರಸದಷ್ಟು ಗಾಢವಾದ ಬಣ್ಣ, ಬಾಯಿ ತುಂಬುವ ಮಂದತೆ, ಗಟ್ಟಿಯಾದ ಒಗರು ಇದರ ಲಕ್ಷಣಗಳು. ಇರಾನಿನ ಶಿರಾಜ್ ನಗರದಿಂದ ಈ ತಳಿ ಬಂದಿತೆಂಬ ಕತೆ ಬಹುಕಾಲ ಪ್ರಚಾರದಲ್ಲಿತ್ತಾದರೂ, 1990ರ ದಶಕದ ಕೊನೆಯಲ್ಲಿ ನಡೆದ ಡಿಎನ್ಎ ಪರೀಕ್ಷೆಗಳು ಇದು ಆಗ್ನೇಯ ಫ್ರಾನ್ಸಿನ ದ್ಯುರೇಜಾ ಮತ್ತು ಮೊಂಡ್ಯೂಸ್ ಬ್ಲಾಂಶ್ ಎಂಬ ಎರಡು ತಳಿಗಳ ಸಂತಾನವೆಂದು ತೋರಿಸಿ ಆ ಕತೆಗೆ ತೆರೆ ಎಳೆದವು.

ಎರ್ಮಿಟಾಜ್, ಕೋತ್ ರೋತಿಯಂಥ ತಂಪು ಸೀಮೆಯ ಸಿರಾ ವೈನ್‌ಗಳಲ್ಲಿ ಕಪ್ಪು ಹಣ್ಣುಗಳ ಘಮದ ಜೊತೆಗೆ, ಆಗತಾನೇ ಕುಟ್ಟಿದ ಕಾಳುಮೆಣಸಿನ ಪರಿಮಳ ಮೂಗಿಗೆ ಬಡಿಯುತ್ತದೆಂದು ಸವಿಪರೀಕ್ಷಕರು ಮೊದಲಿನಿಂದಲೂ ಬರೆಯುತ್ತ ಬಂದಿದ್ದರು. 2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಮೂಲವನ್ನು ಪತ್ತೆಹಚ್ಚಿದರು. ಅದು ರೊಟುಂಡೋನ್ ಎಂಬ ಅಣು. ಕಾಳುಮೆಣಸಿನ ವಿಶಿಷ್ಟ ಪರಿಮಳಕ್ಕೂ ಇದೇ ಕಾರಣವೆಂದು ಅದೇ ಅಧ್ಯಯನ ಸ್ಪಷ್ಟಪಡಿಸಿತು. ಕಾಳುಮೆಣಸಿನ ಖಾರ ಬರುವುದು ಪೈಪರೀನ್ ಎಂಬ ಬೇರೊಂದು ಪದಾರ್ಥದಿಂದ. ವೈನಿನಲ್ಲಿ ಅದಿಲ್ಲದ ಕಾರಣ ಮೆಣಸಿನ ಪರಿಮಳ ಬಂದರೂ ನಾಲಿಗೆ ಚುರುಗುಟ್ಟುವುದಿಲ್ಲ. ಈ ಅಣುವಿಗೆ ಹೆಸರು ಬಂದದ್ದು ಅದು ಮೊದಲು ಸಿಕ್ಕ ಸೈಪರಸ್ ರೊಟುಂಡಸ್ ಎಂಬ ಕಳೆಯ ಗೆಡ್ಡೆಯಿಂದ. ಕರ್ನಾಟಕದ ಹೊಲಗದ್ದೆಗಳಲ್ಲಿ ರೈತರನ್ನು ಕಾಡುವ, ಆದರೆ ನಾಟಿ ವೈದ್ಯರು ಭದ್ರಮುಷ್ಟಿಯೆಂದು ಕಾಪಾಡಿಕೊಳ್ಳುವ ಕೊನ್ನಾರಿ ಗೆಡ್ಡೆಯೇ ಅದು. ಹೀಗೆ ರೋನ್ ಕಣಿವೆಯ ದ್ರಾಕ್ಷಿ, ಮಲೆನಾಡಿನ ಅಡಿಕೆ ತೋಟದ ಮೆಣಸಿನ ಬಳ್ಳಿ ಮತ್ತು ಗದ್ದೆಯ ಬದುವಿನ ಕಳೆ ಇವು ಒಂದೇ ಅಣುವಿನಿಂದ ಪರಸ್ಪರ ನಂಟು ಪಡೆದಿವೆ.

ಆ ಅಧ್ಯಯನದಲ್ಲಿ ಇನ್ನೊಂದು ಮಹತ್ವದ ಸಂಗತಿಯೂ ಹೊರಬಿತ್ತು. ಪರೀಕ್ಷೆಯಲ್ಲಿ ಭಾಗವಹಿಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಸಾಮಾನ್ಯರು ಗುರುತಿಸುವ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚಿಸಿದರೂ ರೊಟುಂಡೋನ್‌ನ ವಾಸನೆ ತಿಳಿಯಲೇ ಇಲ್ಲ. ಅಂದರೆ ಒಂದೇ ಬಾಟಲಿಯ ಸಿರಾ ಕುಡಿದ ಇಬ್ಬರಲ್ಲಿ ಒಬ್ಬರು ಮೆಣಸಿನ ಘಮವನ್ನು ಹೊಗಳಿದರೆ, ಇನ್ನೊಬ್ಬರು ಅಂಥದ್ದೇನೂ ಇಲ್ಲವೆಂದು ಹೇಳಬಹುದು, ಮತ್ತು ಇಬ್ಬರ ಮಾತೂ ಅವರವರ ಮೂಗಿನ ಮಟ್ಟಿಗೆ ಸತ್ಯವೇ ಆಗಿರುತ್ತದೆ. ಅನಿಸಿಕೆಯಲ್ಲಿ ವ್ಯಕ್ತಿಯ ಪಾಲು ಎಷ್ಟು ಆಳವಾದದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮಡೀರಾ: ಬಿಸಿಲಿನಲ್ಲಿ ಬೆಂದ ವೈನ್

ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್‌ನ ಜ್ವಾಲಾಮುಖಿ ದ್ವೀಪವಾದ ಮಡೀರಾದ ವೈನ್ ಭಾರತದ ಕಡಲದಾರಿಯೊಡನೆ ನೇರ ಸಂಬಂಧವುಳ್ಳದ್ದು. ದೂರಪ್ರಯಾಣದ ಹಡಗುಗಳು ಇಲ್ಲಿ ತಂಗಿ ವೈನ್ ಪೀಪಾಯಿಗಳನ್ನು ತುಂಬಿಕೊಳ್ಳುತ್ತಿದ್ದವು. ಕೆಡದಂತಿರಲು ದ್ರಾಕ್ಷಿಯ ಸ್ಪಿರಿಟ್ ಬೆರೆಸಿದ ಆ ವೈನ್ ಉಷ್ಣವಲಯದ ಕಾವಿನಲ್ಲಿ, ಹಡಗಿನ ಕುಲುಕಾಟದಲ್ಲಿ ತಿಂಗಳುಗಟ್ಟಲೆ ಇದ್ದೂ ಹಾಳಾಗುವ ಬದಲು ಇನ್ನಷ್ಟು ಸೊಗಸಾಗುವುದು ವರ್ತಕರ ಗಮನಕ್ಕೆ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಭಾರತಕ್ಕೆ ಹೋಗಿ ಮರಳಿದ ಪೀಪಾಯಿಗಳ ವೈನಿಗೆ ಹೆಚ್ಚಿನ ಬೆಲೆ ಬರುತ್ತಿತ್ತು. ಬಳಿಕ ಆ ಪ್ರಯಾಣದ ಪರಿಣಾಮವನ್ನು ದ್ವೀಪದಲ್ಲಿಯೇ ಉಂಟುಮಾಡುವ ವಿಧಾನಗಳು ರೂಢಿಗೆ ಬಂದವು. ಅಗ್ಗದ ವೈನ್‌ಗಳನ್ನು ದೊಡ್ಡ ತೊಟ್ಟಿಗಳಲ್ಲಿ ಸುಮಾರು 45ರಿಂದ 50 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮೂರು ತಿಂಗಳಾದರೂ ಇಡುತ್ತಾರೆ. ಉತ್ತಮ ವೈನ್‌ಗಳನ್ನು ಪೀಪಾಯಿಗಳಲ್ಲಿ ತುಂಬಿ, ಬಿಸಿಲಿನಿಂದ ಕಾದ ಅಟ್ಟಗಳಲ್ಲಿ ವರ್ಷಗಟ್ಟಲೆ ಹಾಗೆಯೇ ಬಿಡುತ್ತಾರೆ.

ಬೇರೆ ವೈನ್‌ಗಳಿಗೆ ಶತ್ರುಗಳಾದ ಶಾಖ ಮತ್ತು ಗಾಳಿಗಳೇ ಮಡೀರಾವನ್ನು ರೂಪಿಸುತ್ತವೆ. ಜೇನಿನ ಕಂದು ಬಣ್ಣದ ಈ ವೈನ್‌ನಲ್ಲಿ ಕಾಯಿಸಿದ ಬೆಲ್ಲ, ಹುರಿದ ಬಾದಾಮಿ, ಒಣದ್ರಾಕ್ಷಿಗಳ ಪರಿಮಳದ ನಡುವೆ ಮೆಂತ್ಯದ ವಾಸನೆ ನಿಚ್ಚಳವಾಗಿ ತಿಳಿಯುತ್ತದೆ. ಸೊಟೊಲಾನ್ ಎಂಬ ಅಣು ಇದರ ಮೂಲವಾಗಿದ್ದು, ಮೆಂತ್ಯಕ್ಕೆ ಅದರ ಗುರುತು ಕೊಡುವ ಅಣುವೂ ಇದೇ. ಮೆಂತ್ಯದ ಹಿಟ್ಟನ್ನೋ ಲಾಡನ್ನೋ ನಿತ್ಯ ತಿನ್ನುವ ಬಾಣಂತಿಯರ ಬೆವರಿಗೂ ಆ ವಾಸನೆ ಬರುವುದಕ್ಕೆ ಇದೇ ಕಾರಣ. ವೈನ್ ಪೀಪಾಯಿಯಲ್ಲಿ ಹಳತಾದಂತೆ ಸೊಟೊಲಾನ್‌ನ ಪ್ರಮಾಣ ಏರುತ್ತ ಹೋಗುತ್ತದೆ. ಪಾಶ್ಚಾತ್ಯ ಸವಿಪರೀಕ್ಷಕರು ಇದನ್ನು ಕರಿಬೇವಿನ ಅಥವಾ ಕರಿ ಪುಡಿಯ ವಾಸನೆಯೆಂದು ಅಸ್ಪಷ್ಟವಾಗಿ ಬಣ್ಣಿಸುವುದುಂಟು. ಸಾರಿನ ಪುಡಿಗೆ ಮೆಂತ್ಯ ಹುರಿಯುವ ಅಡುಗೆಮನೆಯಲ್ಲಿ ಬೆಳೆದವರಿಗಾದರೋ ಅದನ್ನು ಗುರುತಿಸಲು ಕ್ಷಣವೂ ಬೇಕಾಗದು. ಜ್ವಾಲಾಮುಖಿಯ ಮಣ್ಣಿನ ಈ ದ್ರಾಕ್ಷಿಗಳ ಹುಳಿ ತೀಕ್ಷ್ಣವಾಗಿರುವುದರಿಂದ ಸಿಹಿಯಾದ ಮಡೀರಾ ಕೂಡ ಬಾಯಲ್ಲಿ ಭಾರವಾಗುವುದಿಲ್ಲ, ಗುಟುಕು ಇಳಿದ ಮೇಲೂ ಅದರ ರುಚಿ ನಿಮಿಷಗಟ್ಟಲೆ ಉಳಿಯುತ್ತದೆ.

ನಂದಿ ಬೆಟ್ಟದ ಸುತ್ತಿನ ದ್ರಾಕ್ಷಿ

ಕರ್ನಾಟಕದಲ್ಲಿ ವೈನ್ ದ್ರಾಕ್ಷಿ ಬೆಳೆಯುವ ಕ್ರಮವೇ ಬೇರೆ. ಯೂರೋಪಿನಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ಅಂಥ ವಿಶ್ರಾಂತಿಯಿಲ್ಲದ ಕಾರಣ ವರ್ಷಕ್ಕೆ ಎರಡು ಬಾರಿ ಸವರಬೇಕಾಗುತ್ತದೆ. ಬೇಸಗೆಯಲ್ಲಿ ಒಮ್ಮೆ ಕಡ್ಡಿ ಬೆಳೆಸಲು, ಮಳೆ ತಗ್ಗಿದ ಮೇಲೆ ಇನ್ನೊಮ್ಮೆ ಹಣ್ಣಿಗಾಗಿ ಸವರಿದರೆ, ಒಣಹವೆಯ ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ಲು ಬರುತ್ತದೆ. ದೊಡ್ಡಬಳ್ಳಾಪುರ ಸೀಮೆಯಲ್ಲಿ, ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು ಬೆಳೆಸಿದ ಗ್ರೋವರ್ ಕುಟುಂಬದ ತೋಟ, ಹಂಪಿಯ ಬೆಟ್ಟಗಳ ಸೀಮೆಯ ಕೃಷ್ಮಾ ತೋಟ ಇವು ಈ ಕ್ರಮಕ್ಕೆ ಹೊಂದಿಕೊಂಡ ಹೆಸರಾಂತ ಉದಾಹರಣೆಗಳು. ಎತ್ತರದ ಈ ಬಯಲಿನಲ್ಲಿ ರಾತ್ರಿ ತಂಪಾಗುವುದರಿಂದ ಹಣ್ಣಿನ ಹುಳಿ ಒಂದಿಷ್ಟು ಉಳಿಯುತ್ತದೆ, ಇಲ್ಲವಾದರೆ ಉಷ್ಣವಲಯದ ಬಿಸಿಲಿಗೆ ಹುಳಿ ಕರಗಿ ವೈನ್ ಸಪ್ಪೆಯಾಗುತ್ತಿತ್ತು.

ಆದರೆ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಭಾಗಗಳ ರೈತರು ತಲೆಮಾರುಗಳಿಂದ ಬೆಳೆಯುತ್ತ ಬಂದಿರುವ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಬೆಂಗಳೂರು ಬ್ಲೂ ದ್ರಾಕ್ಷಿಯ ಜಾತಿಯೇ ಬೇರೆ. ಯೂರೋಪಿನ ವೈನ್ ದ್ರಾಕ್ಷಿಗಳು ವೈಟಿಸ್ ವಿನಿಫೆರಾ ಪ್ರಭೇದಕ್ಕೆ ಸೇರಿದರೆ, ಇದರಲ್ಲಿ ಅಮೆರಿಕದ ವೈಟಿಸ್ ಲ್ಯಾಬ್ರುಸ್ಕಾ ಪ್ರಭೇದದ ರಕ್ತವಿದೆ. ಗೊಂಚಲನ್ನು ಮನೆಯೊಳಗಿಟ್ಟರೆ ಕೋಣೆಯೆಲ್ಲ ತುಂಬುವ ಅದರ ಗಾಢ ಪರಿಮಳ, ಬೆರಳಲ್ಲಿ ಹಿಚುಕಿದೊಡನೆ ಸಿಪ್ಪೆಯಿಂದ ಜಾರಿ ಹೊರಬರುವ ಲೋಳೆಯ ತಿರುಳು, ಹುಳಿಸಿಹಿ ರುಚಿ ಇವುಗಳನ್ನು ಹಳೆಯ ಮೈಸೂರು ಸೀಮೆಯ ಜನ ಬಾಲ್ಯದಿಂದಲೇ ಬಲ್ಲರು. ಲ್ಯಾಬ್ರುಸ್ಕಾ ದ್ರಾಕ್ಷಿಗಳ ಈ ಪರಿಮಳಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾದ ಮೀಥೈಲ್ ಆಂಥ್ರನಿಲೇಟ್ ಎಂಬ ಅಣು ಮಲ್ಲಿಗೆ ಹೂವಿನ ಸುಗಂಧದಲ್ಲಿಯೂ ಇದೆ. ಯೂರೋಪಿನ ಸವಿಪರೀಕ್ಷಕರು ಈ ವಾಸನೆಯನ್ನು ಒರಟೆಂದು, ಕಾಡುಪ್ರಾಣಿಯದೆಂದು ತಳ್ಳಿಹಾಕುತ್ತ ಬಂದಿದ್ದಾರೆ. ಇದರ ಬಳಗದ ಇಸಬೆಲ್ಲಾ ತಳಿಯಿಂದ ವೈನ್ ತಯಾರಿಸಿ ಮಾರುವುದನ್ನು ಅಲ್ಲಿಯ ಕಾನೂನೂ ನಿಷೇಧಿಸಿದೆ. ಕರ್ನಾಟಕದಲ್ಲಿ ಈ ದ್ರಾಕ್ಷಿ ಹಣ್ಣಿನ ರಸಕ್ಕೂ, ಸಿಹಿಯಾದ ವೈನ್‌ಗೂ ಬಳಕೆಯಾಗುತ್ತದೆ. ಅಂಥ ವೈನ್‌ನಲ್ಲಿ ಬೋರ್ಡೋದ ಗಾಂಭೀರ್ಯವನ್ನು ಹುಡುಕುವುದು ತಪ್ಪು. ಹಣ್ಣಿನ ಪರಿಮಳವನ್ನು ಹಾಗೆಯೇ ಉಳಿಸಿಕೊಂಡ ಅದರ ನೇರ ಸಿಹಿಯನ್ನು ಅದರದೇ ಅಳತೆಗೋಲಿನಿಂದ ಅಳೆಯಬೇಕು. ಯಾವ ವಾಸನೆ ಉತ್ತಮ, ಯಾವುದು ಅಧಮ ಎಂಬ ತೀರ್ಮಾನದಲ್ಲಿ ಬೆಳೆದ ಊರಿನ, ಒಗ್ಗಿದ ಅಭ್ಯಾಸದ ಕೈವಾಡ ದೊಡ್ಡದು.

ಕಣ್ಣು, ಬೆಲೆ ಮತ್ತು ಹೆಸರಿನ ಪ್ರಭಾವ

ಅನಿಸಿಕೆಗೆ ಅಣುಗಳ ಆಧಾರವಿದೆಯೆಂದ ಮಾತ್ರಕ್ಕೆ ಸವಿಪರೀಕ್ಷಕರ ಪ್ರತಿ ಮಾತನ್ನೂ ನಂಬಬೇಕೆಂದಲ್ಲ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಬೋರ್ಡೋದಲ್ಲಿ ವೈನ್ ವಿಜ್ಞಾನ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ಅದನ್ನು ವರ್ಣಿಸಿದರು. 2008ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ ಒಂದೇ ವೈನನ್ನು 10 ಡಾಲರಿನದೆಂದೂ 90 ಡಾಲರಿನದೆಂದೂ ಹೇಳಿ ಕೊಟ್ಟಾಗ, ದುಬಾರಿಯೆಂದು ಹೇಳಿದ್ದೇ ಹೆಚ್ಚು ಹಿಡಿಸಿತಲ್ಲದೆ, ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಹೆಚ್ಚಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡುಬಂದಿತು. ಕ್ಯಾಲಿಫೋರ್ನಿಯಾದ ವೈನ್ ಸ್ಪರ್ಧೆಯೊಂದರಲ್ಲಿ ರಾಬರ್ಟ್ ಹಾಡ್ಜ್‌ಸನ್ ಅವರು ಅನುಭವಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಬೇರೆ ಬೇರೆ ಲೋಟಗಳಲ್ಲಿ ಕೊಟ್ಟಾಗ, ಹತ್ತರಲ್ಲಿ ಒಬ್ಬರು ಮಾತ್ರ ಮೂರಕ್ಕೂ ಒಂದೇ ಪದಕದ ಮಟ್ಟದ ಅಂಕ ಕೊಡಬಲ್ಲವರಾದರು.

ಇದಕ್ಕೆ ಪರಿಹಾರವೆಂದರೆ ಹೆಸರು ಮರೆಮಾಡಿ ಸವಿಯುವ ಪದ್ಧತಿ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ವರ್ತಕ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಇಂಥ ಪರೀಕ್ಷೆಯಲ್ಲಿ ಫ್ರಾನ್ಸಿನ ಒಂಬತ್ತು ಮಂದಿ ಹೆಸರಾಂತ ಪರಿಣತರು ಬಾಟಲಿ ನೋಡದೆ ಅಂಕ ಕೊಟ್ಟಾಗ, ಬಿಳಿ ಮತ್ತು ಕೆಂಪು ಎರಡೂ ವಿಭಾಗಗಳಲ್ಲಿ ಕ್ಯಾಲಿಫೋರ್ನಿಯಾದ ವೈನ್‌ಗಳು ಮೊದಲ ಸ್ಥಾನ ಪಡೆದವು. ಬಾಟಲಿಯ ಹೆಸರು ಕಂಡಿದ್ದರೆ ಆ ಫಲಿತಾಂಶ ಬರುವ ಸಾಧ್ಯತೆ ತೀರ ಕಡಿಮೆಯಿತ್ತು. ಲೇಬಲ್ ಮರೆಯಾದಾಗಲೂ ಒಬ್ಬರ ಅಂಕಕ್ಕಿಂತ ಹಲವರ ಅಂಕಗಳ ಸರಾಸರಿಗೆ, ಒಂದು ಸಲದ ಅಭಿಪ್ರಾಯಕ್ಕಿಂತ ಮತ್ತೆ ಮತ್ತೆ ಪರೀಕ್ಷಿಸಿದ ಅಭಿಪ್ರಾಯಕ್ಕೆ ಹೆಚ್ಚು ಬೆಲೆಯಿದೆ.

ಪರಿಮಳಗಳನ್ನು ಹೆಸರಿಸುವುದರಲ್ಲಿ ಶಿಸ್ತು ತರಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯನ್ ನೋಬಲ್ 1980ರ ದಶಕದಲ್ಲಿ ಪರಿಮಳ ಚಕ್ರವೊಂದನ್ನು ರೂಪಿಸಿದರು. ನಡುವೆ ಹಣ್ಣು, ಹೂವು, ಮಸಾಲೆಯಂಥ ವಿಶಾಲ ವರ್ಗಗಳು, ಅಂಚಿನತ್ತ ಹೋದಂತೆ ನಿರ್ದಿಷ್ಟ ಹೆಸರುಗಳು ಬರುವ ಈ ಚಕ್ರದಲ್ಲಿ ಸೊಗಸು, ಘನತೆ ಮುಂತಾದ ಅಳೆಯಲಾಗದ ಮಾತುಗಳಿಗೆ ಸ್ಥಾನವಿಲ್ಲ. ಆ ಪಟ್ಟಿಯ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿಗಳನ್ನು ಕಂಡೇ ಇರದ ಕನ್ನಡಿಗರು ಅವುಗಳನ್ನು ಕಂಠಪಾಠ ಮಾಡಿ ಒಪ್ಪಿಸುವುದರಲ್ಲಿ ಅರ್ಥವಿಲ್ಲ. ನೇರಳೆ, ಹಲಸು, ಏಲಕ್ಕಿ, ಜೋನಿಬೆಲ್ಲ, ಕೆಂಡದ ಮೇಲೆ ಸುಟ್ಟ ಬದನೆ, ಮಳೆಗಾಲದ ಮುಗ್ಗಲು ಇವುಗಳ ನೆನಪಿನಿಂದ ಅಷ್ಟೇ ಖಚಿತವಾದ ಪಟ್ಟಿಯೊಂದನ್ನು ಕಟ್ಟಬಹುದು. ಮುಗ್ಗಲಿನ ನೆನಪಂತೂ ಇಲ್ಲಿ ತುಂಬ ಉಪಯುಕ್ತವಾದದ್ದು, ಏಕೆಂದರೆ ಬಿರಡೆಯಲ್ಲಿ ಉಂಟಾಗುವ ಟಿಸಿಎ ಎಂಬ ಪದಾರ್ಥ ಅತ್ಯಲ್ಪ ಪ್ರಮಾಣದಲ್ಲಿ ಬೆರೆತರೂ ವೈನ್ ಒದ್ದೆ ರಟ್ಟಿನ ಮುಗ್ಗಲು ವಾಸನೆ ಹಿಡಿದು ಕೆಡುತ್ತದೆ. ವೈನನ್ನು ಇಲ್ಲಿಯ ಕೋಣೆಯ ಕಾವಿನಲ್ಲಿ ಸವಿಯದೆ, ಬಿಳಿಯದನ್ನು ಸುಮಾರು 10 ಡಿಗ್ರಿ, ಕೆಂಪನ್ನು 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಂಪಾಗಿಸಿ ನೋಡಬೇಕೆಂಬುದೂ ನೆನಪಿಡಬೇಕಾದ ಸಂಗತಿ. 30 ಡಿಗ್ರಿಯಲ್ಲಿ ಮದ್ಯಸಾರದ ಘಾಟು ಉಳಿದೆಲ್ಲ ಪರಿಮಳವನ್ನು ಮುಚ್ಚಿಹಾಕುತ್ತದೆ.

ಇಷ್ಟೆಲ್ಲ ಹೇಳುವಾಗ ವೈನ್ ಒಂದು ಮದ್ಯವೆಂಬುದನ್ನು ಮರೆಯಲಾಗದು. ಮದ್ಯಪಾನೀಯಗಳನ್ನು 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಲಾಗಿದ್ದು, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದವರು ಇದಕ್ಕಾಗಿ ಕುಡಿತವನ್ನು ಆರಂಭಿಸಬೇಕಾದ ಅಗತ್ಯ ಎಳ್ಳಷ್ಟೂ ಇಲ್ಲ, ಏಕೆಂದರೆ ಇಲ್ಲಿ ಕಲಿಯಬೇಕಾದ ವಿದ್ಯೆ ಮದ್ಯಸಾರವನ್ನು ಅವಲಂಬಿಸಿಲ್ಲ. ಇದೇ ಕ್ರಮದಿಂದ ಚಿಕ್ಕಮಗಳೂರು, ಕೊಡಗಿನ ಕಾಫಿಯನ್ನೂ, ಜೇನುತುಪ್ಪವನ್ನೂ, ಬೇರೆ ಬೇರೆ ತೋಟಗಳ ಮಾವನ್ನೂ ಪರೀಕ್ಷಿಸಬಹುದು. ಮೂಗಿಗೆ ಬಂದದ್ದನ್ನು ಹೆಸರಿಸುವುದು, ಹೆಸರಿಸಿದ್ದಕ್ಕೆ ಬಳ್ಳಿಯಲ್ಲೋ ಮಣ್ಣಿನಲ್ಲೋ ಪೀಪಾಯಿಯಲ್ಲೋ ಕಾರಣ ಹುಡುಕುವುದು, ಆ ಹೆಸರು ಬೆಲೆಯಿಂದಲೋ ಬಣ್ಣದಿಂದಲೋ ಹುಟ್ಟಿತೇ ಎಂದು ತನ್ನನ್ನೇ ಕೇಳಿಕೊಳ್ಳುವುದು, ಪಕ್ಕದವರ ಮೂಗಿಗೆ ಬೇರೆಯದೇ ಕಂಡರೆ ಅದನ್ನೂ ಗೌರವದಿಂದ ಕೇಳಿಸಿಕೊಳ್ಳುವುದು ಈ ವಿದ್ಯೆಯ ಮೆಟ್ಟಿಲುಗಳು. ಇಂಥ ಶಿಸ್ತಿನಿಂದ ಬಂದ ಅನಿಸಿಕೆ ವ್ಯಕ್ತಿಯೊಬ್ಬರದೇ ಆಗಿದ್ದರೂ ಇತರರು ಪರೀಕ್ಷಿಸಿ ನೋಡಬಹುದಾದ ಜ್ಞಾನವಾಗುತ್ತದೆ, ಮತ್ತು ಸವಿಪರೀಕ್ಷಕರ ಮಾತಿಗೆ ಬೆಲೆ ಬರುವುದು ಆ ಮಟ್ಟಕ್ಕೆ ಅದು ಏರಿದಾಗಲೇ.